ಅಕ್ಕೋರು ತಿರುಗಿ ಕೊಟ್ಟ ಸಹಿಗಳು

ಅಕ್ಕೋರ ಬಲಗೈ ತೋರುಬೆರಳು ತುದಿಯ ಗೆಣ್ಣಿನಲ್ಲಿ ಸೊಟ್ಟಗಾಗಿ ಒಂದು ಕಡೆ ವಾಲಿತ್ತು. ಜೀವಮಾನವಿಡೀ ಖಡು ಹಿಡಿದು ಕರಿಹಲಗೆಯ ಮೇಲೆ ಬರೆದ ಬೆರಳು ಅದು. ಖಾನಾಪುರದ ಸಾಲೆಯಲ್ಲಿ ಅವರು ನನ್ನತ್ತ ತೋರಿಸಿ "ನೀ ಏಳು" ಎಂದರೆ ಬಾಜೂ ಕುಂತವನು ಎದ್ದು ನಿಲ್ಲುತ್ತಿದ್ದ. ಉತ್ತರ ಬಾರದ ದಿನ ನಾನು ಸುಮ್ಮನೆ ಕೂತು ಅವನಿಗೇ ಬೈಸುತ್ತಿದ್ದೆ. ಒಮ್ಮೆ ಅಕ್ಕೋರು ಹತ್ತಿರ ಬಂದು ಸಣ್ಣ ದನಿಯಲ್ಲಿ, "ತಮ್ಮಾ, ಬೆರಳ ಸೊಟ್ಟ ಐತಿ, ಕಣ್ಣ ಸೊಟ್ಟ ಇಲ್ಲ" ಅಂದರು.

ನಾನು ಬಹಳ ಓದಲಿಲ್ಲ. ಸೈಕಲ್ಲಿಗೆ ಪೈಪು ಕಟ್ಟಿಕೊಂಡು ಮನೆಮನೆ ತಿರುಗಿ, ಈಗ ಟಿಳಕವಾಡಿಯಲ್ಲಿ ನಳ, ಪೈಪು, ಟಾಕಿಗಳ ಅಂಗಡಿ ಇಟ್ಟಿದ್ದೇನೆ. ನನ್ನ ಜೊತೆ ಚೌಕಾಸಿ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಕೇಳದಿದ್ದರೂ ಒಂದು ಸಲಹೆ ಕೊಡುತ್ತೇನೆ: ನಳ ಕೊಳ್ಳುವಾಗ ಹೊಳಪು ನೋಡಬೇಡಿ, ಅಂಗೈಯಲ್ಲಿಟ್ಟು ತೂಕ ನೋಡಿ. ಅಕ್ಕೋರು ಎರಡನ್ನೂ ನೋಡುತ್ತಿರಲಿಲ್ಲ. ನಿವೃತ್ತರಾಗಿ ಹಿಂದವಾಡಿಯ ನಮ್ಮ ಗಲ್ಲಿಗೇ ಬಾಡಿಗೆಗೆ ಬಂದಿದ್ದರು. ಅಂಗಡಿಗೆ ಬಂದರೆ, "ನೀ ಹೇಳಿದಿ ಅಂದ್ರ ಖರೇನ ಇರ್ತೈತಿ" ಅನ್ನುವರು. ಅಂಥ ಗಿರಾಕಿಗೆ ಸುಳ್ಳು ಹೇಳುವುದು ಕಷ್ಟ. ಆದರೂ ನಾನು ಹೇಳಿದೆ. ಅದನ್ನೇ ಬರೆಯಲು ಕೂತಿದ್ದೇನೆ.

ಆ ವರ್ಷ ಗಲ್ಲಿಯ ಮನೆಮನೆಗೂ ನೀರಿನ ಮೀಟರು ಕೂಡಿಸುತ್ತಾರೆ, ಹೊಸ ದರದಲ್ಲಿ ತಿಂಗಳ ಬಿಲ್ಲು ಬರುತ್ತದೆ ಎಂದು ಗೊತ್ತಾಯಿತು. ಜೊತೆಗೊಂದು ಫಾರ್ಮು ಬಂತು: ಆಧಾರ್, ಫೋನ್ ನಂಬರು, ಮನೆಯಲ್ಲಿ ಎಷ್ಟು ಜನ, ಬಾಡಿಗೆದಾರರು ಯಾರು. ಮಂದಿ ಬಿಲ್ಲಿಗೆ ಸಿಟ್ಟಾದರು. ಅಕ್ಕೋರು ಫಾರ್ಮಿಗೂ ಸಿಟ್ಟಾದರು. ಫಾರ್ಮು ಹಂಚಲು ಬಂದವನನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು ಕೇಳಿದರು: "ವಾರಕ್ಕೊಮ್ಮಿ ನಳ ಬಿಡ್ತೀರಿ. ಬಿಲ್ಲ ಮಾತ್ರ ತಿಂಗಳಾ ತಪ್ಪದ ಬರಬೇಕು. ಅದೂ ಇರ್ಲಿ. ನಮ್ಮ ಮನ್ಯಾಗ ಯಾರ್ಯಾರ ಮಲಗತಾರ ಅನ್ನೂದು ನೀರಿಗೆ ಯಾಕ ಬೇಕೋ ಅಪ್ಪಾ?"

"ಮ್ಯಾಲಿನವರು ಹೇಳ್ಯಾರ್ರಿ ಅಕ್ಕೋರ."

"ಮ್ಯಾಲಿನವರ ಮನಿ ಫಾರ್ಮ್ ತುಂಬಿ ತೋರ್ಸು, ಆಮ್ಯಾಲ ನಾ ತುಂಬತೀನಿ."

ಗಲ್ಲಿಗೆಲ್ಲ ನಗು. ಮರುದಿನವೇ ಅಕ್ಕೋರು ಅರ್ಜಿ ಬರೆದರು. ಆದರೆ ಫೋನ್ ನಂಬರಿಲ್ಲದ ಸಹಿಯನ್ನು ಆಫೀಸಿನವರು ಒಪ್ಪುವುದಿಲ್ಲವೆಂದರು. ನಂಬರು ಕೇಳಬೇಡಿ ಎಂಬ ಅರ್ಜಿಗೇ ನಂಬರು ಬೇಕು! ಅಕ್ಕೋರು ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಒಂದು ಸಾಲು ಮಾತ್ರ ಕಾಣುವಷ್ಟು ಕಂಡಿ ಕತ್ತರಿಸಿಕೊಂಡರು. ಸಹಿ ಮಾಡುವವರಿಗೆ ತಮ್ಮ ಸಾಲಷ್ಟೇ ಕಾಣಬೇಕು, ಮೇಲಿನ ಮನೆಯವರ ನಂಬರು ಕಾಣಬಾರದು. ಮನೆಮನೆಗೂ ಹೋಗಿ ಅದೇ ಮಾತು: "ಈ ನಂಬರ ಅರ್ಜಿ ಬಿಟ್ಟ ಎಲ್ಲೂ ಹೋಗೂದಿಲ್ಲ. ನನ್ನ ಮಾತು."

ಗಲ್ಲಿಯ ಒಂದು ಮನೆಯ ಹಿತ್ತಲ ಕೋಣೆಯಲ್ಲಿ ಒಬ್ಬಳೇ ಬಾಡಿಗೆಗಿದ್ದ, ನೆಹರು ನಗರದ ದವಾಖಾನೆಯ ನರ್ಸಬಾಯಿ ಮೊದಲು ಒಲ್ಲೆ ಅಂದಳು. ಮೂರನೆಯ ಸಲ ಹೋದಾಗ, ಆ ಮಾತಿನ ಮೇಲೆ ಬರೆದಳು. ಫೋನೇ ಇಲ್ಲದ ಮೂಲೆಮನೆ ಅಜ್ಜಿಯ ಹೆಸರಿನ ಮುಂದೆ ಅಕ್ಕೋರು ತಮ್ಮದೇ ನಂಬರು ಬರೆದುಕೊಂಡರು.

ನಲವತ್ತೊಂದು ಮನೆಯ ಸಹಿಯಾಯಿತು. ಎರಡು ಪ್ರತಿ ಬೇಕಾಗಿತ್ತು. "ಬಿಸಲಾಗ ನೀವ್ಯಾಕ ಅಡ್ಡಾಡ್ತೀರಿ, ನಾ ಝೆರಾಕ್ಸ್ ಮಾಡಿಸ್ತೀನಿ ಕೊಡ್ರಿ" ಅಂದೆ. ಖರೇ ಹೇಳುತ್ತೇನೆ, ಕೇಳುವಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅಂಗಡಿಗೆ ಬಂದರೆ ನೀರು ಶುದ್ಧ ಮಾಡುವ ಯಂತ್ರಗಳ ವ್ಯಾಪಾರಿ ಕಾಯುತ್ತಿದ್ದ. ಟಿಳಕವಾಡಿಯ ಏಜೆನ್ಸಿಗಾಗಿ ಅವನ ಬೆನ್ನು ಹತ್ತಿ ಆರು ತಿಂಗಳಾಗಿತ್ತು. ಅವನ ಕಣ್ಣು ಹಾಳೆಗಳ ಮೇಲೆ ಬಿತ್ತು. "ನೀರಿನ ತ್ರಾಸ ಇದ್ದ ಮನಿಗಳ ಪಟ್ಟಿ! ಇದರ ಫೋಟೋ ಕೊಟ್ರ ಏಜೆನ್ಸಿ ನಿಮ್ಮದ ನೋಡ್ರಿ" ಅಂದ. ಈಗೆಲ್ಲ ಯಾರ ನಂಬರು ಯಾರ ಹತ್ತಿರ ಇಲ್ಲ ಎಂದುಕೊಂಡೆ. ಅಷ್ಟಕ್ಕೇ ಒಪ್ಪದೆ, ಅಂಗಡಿಗೆ ಹೊಸ ಬೋರ್ಡನ್ನೂ ಅವನೇ ಹಾಕಿಸಿಕೊಡಬೇಕೆಂದು ಚೌಕಾಸಿ ಮಾಡಿದೆ. ಗೆದ್ದೆ.

ಎರಡೇ ದಿನಕ್ಕೆ ಗಲ್ಲಿಯ ಫೋನುಗಳು ಬಡಿದುಕೊಳ್ಳತೊಡಗಿದವು. "ನಿಮ್ಮ ನೀರು ಛಲೋ ಇಲ್ಲಂತಲ್ರಿ?" ಯಂತ್ರ ಮಾರುವ ಹುಡುಗನೊಬ್ಬ ನರ್ಸಬಾಯಿಗೆ ಕೆಲಸದ ಹೊತ್ತು, ರಜೆಯ ಹೊತ್ತು ಎನ್ನದೆ ಫೋನ್ ಮಾಡಿ, ಒಬ್ಬರೇ ಇರ್ತೀರೇನು ಎಂದೆಲ್ಲ ಕೇಳಿದ. ಅವಳು ಅಕ್ಕೋರ ಕಟ್ಟೆಗೆ ಬಂದು ನಾಲ್ಕು ಮಂದಿಯ ಎದುರು ನಿಂತಳು. "ನಿಮ್ಮ ಮಾರಿ ನೋಡಿ ಕೊಟ್ಟಿದ್ನಿ ಅಕ್ಕೋರ. ಆ ಫಾರ್ಮನ್ಯಾಗ ಬರಕೊಟ್ಟಿದ್ರೂ ಇಷ್ಟ ತ್ರಾಸ ಆಗತಿದ್ದಿಲ್ಲ."

ಆ ಮಧ್ಯಾಹ್ನ ಅಕ್ಕೋರು ಅಂಗಡಿಗೆ ಬಂದರು. ಹೊಸ ಬೋರ್ಡನ್ನು ನೋಡಿದರು, ಕುರ್ಚಿಯಲ್ಲಿ ಕೂತರು.

"ನನಗೂ ಫೋನ್ ಬಂದಿತ್ತು ತಮ್ಮಾ. ಅಜ್ಜಿ ಹೆಸರ ಹಿಡದು ಕರದ್ರು. ಅಜ್ಜಿ ಹೆಸರಿನ ಮುಂದ ನನ್ನ ನಂಬರ ಇರೂದು ಆ ಒಂದ ಹಾಳಿ ಮ್ಯಾಲ."

ನಾನು ತಡಮಾಡಲಿಲ್ಲ. "ಝೆರಾಕ್ಸ್ ಅಂಗಡ್ಯಾಂವ ಒಂದ ಪ್ರತಿ ಇಟ್ಕೊಂಡಿರಬೇಕ್ರಿ."

"ಹಂಗಾರ ನಡಿ, ಇಬ್ರೂ ಹೋಗಿ ಕೇಳೂಣು."

ನಾನು ಏಳಲಿಲ್ಲ. ಇದ್ದ ಪೈಪುಗಳನ್ನೇ ಮತ್ತೆ ಜೋಡಿಸತೊಡಗಿದೆ. ಅಕ್ಕೋರು, "ಬ್ಯಾಡ ಬಿಡು. ಅಂವ ಏನೂ ಮಾಡಿಲ್ಲ" ಎಂದು ಎದ್ದರು. ನಾನು ನೀರು ಕುಡಿಯುತ್ತೀರೇನು ಎಂದು ಕೇಳಿದೆ. ಅವರು ಆಗಲೇ ಮೆಟ್ಟಿಲು ಇಳಿದಿದ್ದರು.

ಅರ್ಜಿಯನ್ನು ಅವರು ಕೊಡಲಿಲ್ಲ. "ನಮ್ಮ ಮಾತ ನಾವ ಉಳಿಸ್ಕೊಳ್ಳಲಿಲ್ಲ. ಇನ್ನ ಆಫೀಸಿನವರಿಗೆ ಯಾವ ಬಾಯಿಲೆ ಹೇಳೂಣು?" ಅಂದರಂತೆ. ಕತ್ತರಿ ತೆಗೆದುಕೊಂಡು ಹಾಳೆಗಳನ್ನು ಒಂದೊಂದೇ ಸಾಲಾಗಿ ಕತ್ತರಿಸಿದರು. ಮನೆಮನೆಗೆ ಹೋಗಿ ಅವರವರ ಚೀಟಿ ಅವರವರ ಕೈಗೆ ಕೊಟ್ಟು, "ನನ್ನ ಕಡಿಂದ ತಪ್ಪಾತು" ಅಂದರು. ಯಾರ ಕಡೆಯಿಂದ ಎಂದು ಕೇಳಿದವರಿಗೂ ಅದೇ ಮಾತು. ನಮ್ಮ ಮನೆಗೂ ಬಂದರು. ನನ್ನ ಹೆಂಡತಿಯ ಎದುರಿಗೇ ನನಗೂ ಅದನ್ನೇ ಹೇಳಿದರು: "ನನ್ನ ಕಡಿಂದ ತಪ್ಪಾತು." ಚೀಟಿ ಇಸಿದುಕೊಂಡೆ. ಆಮೇಲೆ ಮೀಟರುಗಳು ಬಂದವು, ಫಾರ್ಮನ್ನು ಎಲ್ಲರೂ ತುಂಬಿದರು. ಅಕ್ಕೋರ ಕಟ್ಟೆಯ ಮೇಲೆ ಮಂದಿ ಕೂಡುವುದು ಕಡಿಮೆಯಾಯಿತು.

ಹೋದ ವರ್ಷ ಅವರು ಲಿಂಗೈಕ್ಯರಾದರು. ಖಾನಾಪುರಕ್ಕೆ ಮಣ್ಣಿಗೆ ಹೋದೆವು. ಹಣೆ ತುಂಬ ವಿಭೂತಿ ಹಚ್ಚಿ ಕೂಡಿಸಿದ್ದರು. ಮುಗಿದ ಮೇಲೆ ಗಿಡದ ಕೆಳಗೆ ಚಹಾ ಕುಡಿಯುತ್ತಿದ್ದಾಗ ನರ್ಸಬಾಯಿ ಕಣ್ಣೊರೆಸಿಕೊಂಡು, "ಛಲೋ ಮನಷ್ಯಾರು. ನಂಬರಿನ ವಿಷಯದಾಗ ಒಂದ ಹಂಗ ಮಾಡಬಾರದಿತ್ತು" ಅಂದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನನ್ನ ತಲೆಯೂ ಅಲುಗಿತು.

ತಪ್ಪು ಮಾಡಿದವರಿಗೆ ನಾನು ಕೊಡುವ ಸಲಹೆ ಇಷ್ಟೇ: ಅದನ್ನು ಹೊತ್ತವರು ಬದುಕಿದ್ದಾಗಲೇ ಹೇಳಿಬಿಡಿ. ನಾನು ಹೇಳಿದ್ದು ಮೊನ್ನೆ, ನರ್ಸಬಾಯಿಯ ಬಾಗಿಲಲ್ಲಿ ನಿಂತು. ಬೈಯಲಿ, ಗಲ್ಲಿ ಕೂಡಿಸಲಿ ಎಂದು ತಯಾರಾಗಿಯೇ ಹೋಗಿದ್ದೆ. ಅವಳು ಕೇಳಿದ್ದು ಒಂದೇ: "ಅಕ್ಕೋರಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. "ಮತ್ತ ನಾ ಅವರ ಮಣ್ಣಿನ್ಯಾಗ ನಿಂತ ಹಂಗಂದ್ನೆಲ್ರಿ..." ಎಂದಳು. ನನ್ನದು, ಅಕ್ಕೋರದು, ಅವಳದು ಬಿಟ್ಟರೆ ಗಲ್ಲಿಯಲ್ಲಿ ಸಹಿ ಮಾಡಿದ ಇನ್ನೂ ಮೂವತ್ತೆಂಟು ಮನೆಗಳಿವೆ. ನಾಳೆ ಮೂಲೆಮನೆ ಅಜ್ಜಿಯ ಹತ್ತಿರ ಹೋಗಬೇಕು.