ಸಿ.ಡಿ. ಸಾವಕಾಶ ತಿರುಗಿಸಿದ ವಾಮನಕಾಕಾ

ವಾಮನಕಾಕಾ ಯಾರ ಸಿ.ಡಿ.ಯನ್ನೂ ನೇರವಾಗಿ ಕಂಪ್ಯೂಟರಿಗೆ ಹಾಕಿದ್ದನ್ನು ನಾನು ನೋಡಿಲ್ಲ. ಮೊದಲು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು, ಮೂಸುತ್ತಿದ್ದರು, ಆಮೇಲೆ ತಂದವರನ್ನು ಬೈಯುತ್ತಿದ್ದರು. ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಸಿ.ಡಿ. ಓಡುವ ಕಂಪ್ಯೂಟರ್ ಉಳಿದಿದ್ದು ನಿವೃತ್ತ ಮಾಸ್ತರರಾದ ಅವರೊಬ್ಬರ ಮನೆಯಲ್ಲಿ. ಕೊಲ್ಹಾರದಿಂದಲೂ ಜನ ಮದುವೆಯ ಸಿ.ಡಿ. ಹಿಡಿದು ಬಂದು, ಬೈಸಿಕೊಂಡು ಹೋಗುತ್ತಿದ್ದರು.

ನಾವು ಹೋಗಿದ್ದು ಅವ್ವನಿಗಾಗಿ. ಅವಳ ಕಿವಿ ದಿನೇದಿನೇ ಮಂದವಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ಒಮ್ಮೆ ಅಪ್ಪನ ದನಿ ಕೇಳಬೇಕು ಎಂದಿದ್ದಳು. ತೀರಿಹೋದ ಅಪ್ಪನ ದನಿ ಇದ್ದದ್ದು ಒಂದೇ ಕಡೆ, ಗೊಳಸಂಗಿಯಲ್ಲಿ ನಡೆದ ಸೋದರಮಾವನ ಮದುವೆಯ ಸಿ.ಡಿ.ಯಲ್ಲಿ. ಅದನ್ನು ಅವ್ವ ದೇವರ ಜಗಲಿಯ ಮೇಲೆ ಅಪ್ಪನ ಫೋಟೋದ ಪಕ್ಕ ಇಟ್ಟು, ಅಮಾವಾಸ್ಯೆಗೊಮ್ಮೆ ಎರಡಕ್ಕೂ ಕುಂಕುಮ ಹಚ್ಚುತ್ತಿದ್ದಳು.

"ವೈನಿ, ಇದಕ್ಕ ಕುಂಕುಮ ಹಚ್ಚರಿ ಅಂತ ಯಾರು ಹೇಳಿದ್ರು ನಿಮಗ?" ಸಿ.ಡಿ.ಯನ್ನು ಕಿಟಕಿಗೆ ಹಿಡಿದ ಕಾಕಾ ಅವ್ವನನ್ನು ಕೇಳಿದರು.

"ಫೋಟೋಕ್ಕ ಹಚ್ತೇವಲ್ರಿ. ಇದರಾಗೂ ಅವರ ಅದಾರ."

"ಅದಾರ್ರಿ, ಖರೆ. ಮಾರಿ ತುಂಬ ಬಳದ್ರ ಹೊರಗ ಹ್ಯಾಂಗ ಬರ್ತಾರ?"

ಸಿ.ಡಿ.ಯನ್ನು ತೊಳೆದು, ಹಳೆಯ ಧೋತರದ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿದರು. ಆಗ ನಡುವಿನ ತೂತಿನ ಹತ್ತಿರ ಕೂದಲೆಳೆಯಂಥ ಸೀಳು ಕಂಡಿತು. ಕಾಕಾ ಬೈಯುವುದನ್ನು ನಿಲ್ಲಿಸಿದರು. ನನಗೆ ಹೆದರಿಕೆಯಾದದ್ದು ಆಗಲೇ.

ಅಲ್ಲಿಂದ ಶುರುವಾಯಿತು ಅವರ ಸೆಟ್ಟಿಂಗು. ಹಾಕಿದೊಡನೆ ಸಿ.ಡಿ. ತಾನಾಗಿ ಓಡುವುದನ್ನು ಬಂದ್ ಮಾಡಿದರು. ಡ್ರೈವಿನ ವೇಗ ಇಳಿಸುವ ಪ್ರೋಗ್ರಾಮು ತೆರೆದು ಎಲ್ಲಕ್ಕಿಂತ ಕಡಿಮೆ ವೇಗ ಆರಿಸಿದರು. ಬೇಡವಾದ ಸಿ.ಡಿ.ಯೊಂದನ್ನು ಹಾಕಿ ನೋಡಿದರು, ಮೊದಲಿನಂತೆಯೇ ಭರ್ರೆಂದಿತು. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು. ಅದು ಏಳುವಷ್ಟರಲ್ಲಿ ಚಹಾ ಮಾಡಿಕೊಂಡು ಬಂದರು.

"ಕಾಕಾ, ಹಾಕಿಬಿಡ್ರಿ ಇನ್ನ," ಎಂದೆ.

"ಜೋರ ತಿರುಗಿದ್ರ ಒಳಗ ಚೂರಾಗ್ತದ, ತಂಗಿ. ಆಮ್ಯಾಲ ನಿಮ್ಮಪ್ಪನ್ನ ಒಂದೊಂದ ಚೂರು ಆರಸ್ತಿ ಏನು? ಕೂಡು ಸುಮ್ಮನ."

ಕೊನೆಗೆ ವೇಗ ಇಳಿಯಿತು. ಆದರೂ ನೋಡಲು ಬಿಡಲಿಲ್ಲ. ಮೊದಲು ಕಂಪ್ಯೂಟರಿನೊಳಗೆ ಕಾಪಿ ಎಂದರು. ಮಧ್ಯಾಹ್ನವೆಲ್ಲ ಅದರಲ್ಲೇ ಹೋಯಿತು. ಅವ್ವ ಕುರ್ಚಿಯಲ್ಲಿ ತೂಕಡಿಸಿದಳು. ನಾನು ಸಿಟ್ಟಿನಿಂದ ಒಳಗೂ ಹೊರಗೂ ಓಡಾಡಿದೆ. ಕಾಪಿ ಮುಗಿದು ಸಿ.ಡಿ. ಹೊರಬಂದಾಗ ಸೀಳು ಅರ್ಧದವರೆಗೂ ಹರಿದಿತ್ತು. ಕಾಕಾ ಅದನ್ನು ಧೋತರದ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಕಾಪಿ ಹಚ್ಚಿ, ಸ್ಪೀಕರನ್ನು ಅವ್ವನ ಕಿವಿಯ ಹತ್ತಿರ ಹಿಡಿದರು. ತೆರೆಯ ಮೇಲೆ ಊಟದ ಪಂಕ್ತಿಯಲ್ಲಿ ಸಾರಿನ ಬಕೀಟು ಹಿಡಿದು ಬರುತ್ತಿದ್ದ ಅಪ್ಪ, ಕ್ಯಾಮೆರಾದ ಪಕ್ಕದಲ್ಲಿದ್ದ ಅವ್ವನನ್ನು ಕೇಳಿದ: "ನೀ ಉಂಡಿ ಇಲ್ಲೊ?"

"ಉಂಡೇನಿ," ಎಂದಳು ಕುರ್ಚಿಯಲ್ಲಿದ್ದ ಅವ್ವ.

ಕಾಕಾ ಬಾಗಿ ಕೂತು, ಬದಲಿಸಿದ ಸೆಟ್ಟಿಂಗುಗಳನ್ನು ಒಂದೊಂದಾಗಿ ಮೊದಲಿನ ಹಾಗೆ ಮಾಡತೊಡಗಿದರು.

ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಷ್ಟೊತ್ತಿಗೆ ಅವ್ವನಿಗೆ ಜೋರಾಗಿ ಮಾತಾಡಿದರೂ ಕೇಳಿಸುವುದು ಕಷ್ಟವಾಗಿತ್ತು. ಕಾಳು ಆರಿಸುತ್ತ ಕೂತಿದ್ದವಳ ಕಿವಿಯ ಹತ್ತಿರ ಬಾಗಿ, "ವಾಮನಕಾಕಾ ಹೋದ್ರು," ಎಂದೆ. ಅವಳು ತಲೆ ಎತ್ತಲಿಲ್ಲ. ದನಿ ಏರಿಸಿ ಮತ್ತೆ ಹೇಳಿದೆ. ಕೈ ಮಾತ್ರ ಕಾಳಿನಲ್ಲಿ ಆಡುತ್ತಿತ್ತು. ಇನ್ನೊಮ್ಮೆ ಕೂಗಿದಾಗ ಎದುರುಮನೆಯವರು ಬಾಗಿಲಿಗೆ ಬಂದು ನಿಂತರು.

"ಮೊದಲನೇ ಸಲಾನ ಕೇಳಿಸ್ತು," ಎಂದಳು ಅವ್ವ. "ಒದರಬ್ಯಾಡ."