ಇಸ್ತ್ರಿಯವನ ಜೊತೆ ಮಾವಶಿಯ ಜಗಳ

ಸ್ವಲ್ಪ ತಡೆಯಿರಿ, ಪುಟ ಮಗುಚಬೇಡಿ. ಇದು ಸಿನಿಮಾ ವಿಷಯವೇ, ಆದರೆ ನಾನು ಹೇಳಬೇಕಾದದ್ದು ಪರದೆಯ ಮೇಲೆ ಇಲ್ಲ. ಅಲ್ಲಿಗೆ ಬರಲು ನಾಲ್ಕು ಮಾತು ಹಿಡಿಯುತ್ತದೆ.

ಮೊನ್ನೆ ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಕರೆಂಟ್ ಇರಲಿಲ್ಲ. ಅತ್ತೆಯವರು ಅಟ್ಟದಿಂದ ಹಳೆಯ ಇದ್ದಿಲ ಇಸ್ತ್ರಿ ಇಳಿಸಿಕೊಟ್ಟರು. ಕೆಂಡ ತುಂಬಿ, ನೀರು ಚಿಮುಕಿಸಿದ ಅಂಗಿಯ ಮೇಲೆ ಇಟ್ಟೆ, ಅಷ್ಟೇ... ಆ ಹಬೆಯ ವಾಸನೆ ಮೂಗಿಗೆ ಬಡಿದದ್ದೇ ನಾನು ಮಗ್ಗಗಳ ಊರು ಇಚಲಕರಂಜಿಯ ನಮ್ಮ ತವರಿನ ಓಣಿಯಲ್ಲಿದ್ದೆ. ನನಗೆ ಹದಿನೇಳು ವರ್ಷ. ಎದುರುಬದುರು ಜಗಳ ನಡೆದಿತ್ತು.

ಜಗಳದ ಒಂದು ಕಡೆ ಪಕ್ಕದ ಮನೆಯ ಮಾವಶಿ. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ರಕ್ತಸಂಬಂಧವೇನಲ್ಲ, ಅಲ್ಲಿ ನೆರೆಯ ಹೆಂಗಸರೆಲ್ಲ ಮಾವಶಿಯರೇ. ಊರು ಸುಳಕೂಡ, ಕೆಲಸ ಬ್ಲೌಸು ಹೊಲಿಯುವುದು. ಮದುವೆಯಾದ ಎರಡನೇ ವರ್ಷವೇ ಗಂಡ ಮುಂಬಯಿಗೆ ಹೋದವನು ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಹಣೆಯಲ್ಲಿ ಕುಂಕುಮ ಇತ್ತು, ಮನೆಯಲ್ಲಿ ಗಂಡ ಇರಲಿಲ್ಲ. ಅಂಥವಳ ಬಳಿ ಓಣಿಯ ಹೆಂಗಸರು ಅಳತೆ ಕೊಡಲು ಬರುತ್ತಿದ್ದರು, ಕುಳಿತು ಮಾತಾಡಲು ಬರುತ್ತಿರಲಿಲ್ಲ. ಅವಳು ಹೊಲಿಗೆ ಮಷೀನನ್ನು ಬಾಗಿಲಿಗೆ ಮುಖ ಮಾಡಿ ಇಟ್ಟುಕೊಂಡಿದ್ದಳು.

ಇನ್ನೊಂದು ಕಡೆ ಎದುರಿನ ಕಟ್ಟೆಯ ಇಸ್ತ್ರಿಯವ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಅವನ ಕೆಂಡದ ಹೊಗೆ ಇವಳ ಬಾಗಿಲಿಗೆ ಬರುತ್ತಿತ್ತು, ಇವಳ ಬಟ್ಟೆಯ ಚೂರುಗಳು ಅವನು ಮಡಿಚಿಟ್ಟ ಬಟ್ಟೆಗಳ ಮೇಲೆ ಹಾರುತ್ತಿದ್ದವು. ಮುಂಜಾನೆ ಮಗ್ಗಗಳ ಸದ್ದು ಏಳುವುದಕ್ಕೂ ಇವರ ಬಾಯಿ ತೆರೆಯುವುದಕ್ಕೂ ಸರಿಹೋಗುತ್ತಿತ್ತು. ಶುರು ಮರಾಠಿಯಲ್ಲಿ, ಬಿಸಿ ಏರಿದ ಮೇಲೆ ಕನ್ನಡದಲ್ಲಿ.

“ಏನ್ರಿ ಇಸ್ತ್ರಿ ಸಾವಕಾರ್ರ, ನನ್ನ ಬ್ಲೌಜಿಗೆ ಹೊಗಿ ಹಾಕಾಕತ್ತೀರೇನ, ಬಾಳಿಹಣ್ಣ ಮಾಗಸೂ ಹಂಗ?”

“ಗಾಳಿ ನನ್ನ ಮಾತ ಕೇಳ್ತೈತೇನ್ರಿ ಟೇಲರಬಾಯಿ? ನಿಮ್ಮ ಮಾತೂ ಯಾರೂ ಕೇಳಂಗಿಲ್ಲ, ಹಂಗ ಅಂತ ತಿಳೀರಿ.”

“ಕೇಳವ್ರು ಇದ್ದಿದ್ರ ನಿಮ್ಮಂಥವ್ರ ಜೋಡಿ ಯಾಕ ಬಾಯಿ ಮಾಡ್ತಿದ್ದೆ?”

ಈ ಮಾತು ನಾನು ದಿನಾ ಕೇಳುತ್ತಿದ್ದೆ. ಕೇಳಿಸಿಕೊಂಡಿರಲಿಲ್ಲ.

ನನ್ನ ಕಿವಿ ಸಿನಿಮಾದಲ್ಲಿತ್ತು ನೋಡಿ. ಜಗಳಗಂಟಿ ನಾಯಕಿ, ಕೀಟಲೆಯ ನಾಯಕ ಇರುವ ಹಿಂದಿ ಚಿತ್ರಗಳೆಂದರೆ ನನಗೆ ಹುಚ್ಚು. ಹಿಂದಿ ಕಲಿತದ್ದೂ ಅವುಗಳಿಂದಲೇ. ಒಂದು ನೋಟ್‌ಬುಕ್ ಇಟ್ಟಿದ್ದೆ. ಮೊದಲನೇ ಜಗಳ ಕಾರಿನ ಹತ್ತಿರ, ಎರಡನೆಯದು ಕಾಲೇಜಿನಲ್ಲಿ, ಆಮೇಲೆ ಒಂದು ಕಪಾಳಮೋಕ್ಷ, ಆಮೇಲೆ ನಾಯಕನಿಗೆ ಜ್ವರ, ಕೂಡಲೇ ಹಾಡು. ಕೊನೆಯ ರೀಲಿನಲ್ಲಿ ಆ ಬಾಯಿಬಡಕಿ ಸೀರೆ ಉಟ್ಟು, ತಲೆ ತಗ್ಗಿಸಿ, ಮಾತೇ ಇಲ್ಲದೆ ನಿಂತಿರುತ್ತಿದ್ದಳು. ಅದರ ಮುಂದೆ ನಾನು ‘ಸುಖಾಂತ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ.

ಮಗ್ಗಗಳಿಗೆ ರಜೆ ಇದ್ದ ದಿನ ಮಾವಶಿಯೇ ನನ್ನನ್ನು ಟಾಕೀಸಿಗೆ ಕರೆದೊಯ್ಯುತ್ತಿದ್ದಳು. ಹೆಂಗಸರ ಕಡೆಯ ಬೆಂಚಿನಲ್ಲಿ ಕುಳಿತು, ನಾಯಕಿ ನಾಯಕನಿಗೆ ಒಂದೊಂದು ಉತ್ತರ ಕೊಟ್ಟಾಗಲೂ ತೊಡೆ ತಟ್ಟಿ ನಗುತ್ತಿದ್ದಳು. ಅವರಿಬ್ಬರೂ ರಾಜಿಯಾಗಿ ಹಾಡತೊಡಗಿದರೆ ಸೆರಗು ಕೊಡವಿ ಎದ್ದೇಬಿಡುತ್ತಿದ್ದಳು. “ನಡಿ, ಇನ್ನ ಏನೈತಿ ಇದರಾಗ?” ಎಷ್ಟೋ ಚಿತ್ರಗಳ ಕೊನೆ ನಾನು ಗೆಳತಿಯರನ್ನು ಕೇಳಿ ಬರೆದುಕೊಂಡದ್ದು.

ಆ ವರ್ಷ ಬೇಸಿಗೆಯಲ್ಲಿ ಇಸ್ತ್ರಿಯವ ಎರಡು ದಿನ ಬರಲಿಲ್ಲ. ಮಾವಶಿ ಮಷೀನು ತುಳಿಯುತ್ತಲೇ ಕೇಳಿದಳು, “ಆ ಇಸ್ತ್ರಿಯಂವ ಎಲ್ಲಿ ಸತ್ನ?” ಮೂರನೆಯ ದಿನ ಅವನು ಬಂದ. ಜ್ವರ ಬಂದಿತ್ತಂತೆ. ಜ್ವರ... ನನ್ನ ನೋಟ್‌ಬುಕ್ಕಿನ ಪ್ರಕಾರ ಇನ್ನು ತಡಮಾಡುವಂತಿರಲಿಲ್ಲ. ಅಪ್ಪನ ಅಂಗಿ ತರಲು ಹೋದವಳು ಮೆಲ್ಲಗೆ ಒಂದು ಸುಳ್ಳು ಹೇಳಿದೆ: “ಕಾಕಾ, ನೀವು ಬರಲಿಲ್ಲಂತ ಮಾವಶಿ ಊಟಾನ ಬಿಟ್ಟಿದ್ಲರಿ. ಅಳಾಕತ್ತಿದ್ಲು.” ಅವನು ಇಸ್ತ್ರಿಯನ್ನು ಹಾಗೇ ಹಿಡಿದು ನಿಂತುಬಿಟ್ಟ. ನಾನು ಅಷ್ಟಕ್ಕೆ ಬಿಡಲಿಲ್ಲ, ನಳದ ಹತ್ತಿರ ನೀರಿಗೆ ಬಂದ ಹುಡುಗಿಯರಿಗೂ ಹೇಳಿದೆ.

ಮರುದಿನ ಅವನು ಬಿಳಿ ಅಂಗಿ ತೊಟ್ಟು ಬಂದಿದ್ದ. ಕೆಂಡದ ಬುಟ್ಟಿಯನ್ನು ತಾನಾಗಿಯೇ ಕಟ್ಟೆಯ ಆಚೆ ತುದಿಗೆ ಸರಿಸಿದ್ದ. ಮಾವಶಿ ಎಂದಿನಂತೆ ಚಿಂದಿ ಕೊಡವಿ ಬಾಯಿ ತೆರೆಯುವಷ್ಟರಲ್ಲಿ, ಓಣಿಯ ಆಚೆಯಿಂದಲೇ ಕೈಕಟ್ಟಿಕೊಂಡು ಅವನೆಂದ:

“ಊಟಾ ಬಿಡಬ್ಯಾಡ್ರಿ ಬಾಯಿ. ನಾ ಈಗ ಆರಾಮ ಅದೇನಿ.”

ಎಂಥ ಮೆತ್ತಗಿನ ದನಿ ಅದು. ನಳದ ಹತ್ತಿರ ಕೊಡಗಳು ನಿಂತವು. ಒಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳು ಹಾಡು ಗುನುಗಿದಳು, ಮೂಲೆಯ ಚಹಾದಂಗಡಿಯಿಂದ ಯಾರೋ ಸೀಟಿ ಹೊಡೆದರು. ಮಾವಶಿ ಎರಡೂ ಕದ ಮುಚ್ಚಿದಳು. ಹಗಲು ಹೊತ್ತು ಆ ಬಾಗಿಲು ಮುಚ್ಚಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ನಾಲ್ಕು ದಿನ ಬಿಟ್ಟು ನನ್ನ ಬ್ಲೌಸಿನ ನೆಪದಲ್ಲಿ ಒಳಗೆ ಕರೆದಳು.

“ಅವಂಗ ಏನ ಹೇಳಿದಿ?”

ಹೇಳಿದೆ. “ಸಿನಿಮಾದಾಗ ಹಿಂಗ ಆಗತೈತಲ್ಲ ಮಾವಶಿ... ಜಗಳಾ ಆಡೂದಂದ್ರ ಒಳಗ ಪ್ರೀತಿ ಇರತೈತಿ ಅಂದ್ಕೊಂಡೆ.”

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ಹುಚ್ಚಿ. ನಾ ಅವನ ಜೋಡಿ ನಕ್ಕೋತ ಮಾತಾಡಿದ್ರ ಓಣಿ ಸುಮ್ಮನ ಬಿಡ್ತಿತ್ತೇನ? ಜಗಳಾ ಆಡೂ ಹೆಂಗಸಿಗೆ ಯಾರೂ ಏನೂ ಅನ್ನಂಗಿಲ್ಲ. ಹತ್ತ ವರ್ಷ ಆತು, ನನ್ನ ಜೋಡಿ ದಿನಾ ಮಾತಾಡಾಂವ ಅಂವ ಒಬ್ಬನ ಇದ್ದ. ಅಂವಗೂ ಅದು ಗೊತ್ತಿತ್ತು. ಈಗ ನಾ ಬೈದ್ರೂ ಮಂದಿ ನಗತಾರ.”

“ಹಂಗಾದ್ರ... ಪ್ರೀತಿ ಇದ್ದೇ ಇಲ್ಲೇನ?”

“ಅದನ್ನ ಕೇಳಬ್ಯಾಡ. ಕೈ ಎತ್ತು, ಅಳತಿ ತಗೋತೇನಿ.”

ಟೇಪು ಹಿಡಿದು ನನ್ನ ಬೆನ್ನ ಹಿಂದೆ ಬಂದಳು.

ಆಮೇಲೆ ನಾಲ್ಕೈದು ತಿಂಗಳು ಇಬ್ಬರೂ ಎದುರುಬದುರೇ ಇದ್ದರು, ಒಂದು ಮಾತಿಲ್ಲ. ಗಾಳಿ ತಿರುಗಿ ಹೊಗೆ ಒಳಗೆ ಬಂದರೂ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೊಲಿಯುತ್ತಿದ್ದಳು. ಚೂರು ಹಾರಿ ಬಂದರೆ ಅವನು ಸುಮ್ಮನೆ ಎತ್ತಿ ಪಕ್ಕಕ್ಕಿಡುತ್ತಿದ್ದ. ದೀಪಾವಳಿಯ ಮುಂಚೆ ಅವನು ಪಕ್ಕದ ಹಳ್ಳಿ ಕೊರೋಚಿಗೆ ಹೋಗಿ ಅಲ್ಲಿ ಇಸ್ತ್ರಿ ಅಂಗಡಿ ಹಾಕಿದ. ಹೋಗುವ ದಿನವೂ ಹೇಳಿಹೋಗಲಿಲ್ಲ. ಹೇಗೆ ಹೇಳಬೇಕಿತ್ತು, ಎಲ್ಲರ ಎದುರು...

ಅದೇ ಕಟ್ಟೆಗೆ ಕ್ಯಾಸೆಟ್ ಅಂಗಡಿ ಬಂತು. ಕೂತವನು ಕಾಲೇಜು ಮುಗಿಸಿದ ತರುಣ. ಮೊದಲ ದಿನವೇ ಮಾವಶಿ ಬಾಗಿಲಿಗೆ ಬಂದು, ಸೊಂಟಕ್ಕೆ ಕೈಯಿಟ್ಟು, ಹಳೆಯ ದನಿ ತೆಗೆದಳು. “ಏ ತಮ್ಮಾ, ಆವಾಜ ಕಡಿಮಿ ಮಾಡ. ನನ್ನ ಮಷೀನ ನನಗ ಕೇಳವಲ್ದು.”

“ತಪ್ಪಾತ್ರಿ ಮಾವಶಿ,” ಎಂದು ಅವನು ಹಾಡೇ ನಿಲ್ಲಿಸಿಬಿಟ್ಟ.

ಮಾವಶಿ ಇನ್ನೂ ಸ್ವಲ್ಪ ಹೊತ್ತು ಸೊಂಟದ ಮೇಲಿನ ಕೈ ತೆಗೆಯದೆ ನಿಂತಿದ್ದಳು. ಅವನು ತಲೆ ಬಗ್ಗಿಸಿ ಕ್ಯಾಸೆಟ್ ಜೋಡಿಸತೊಡಗಿದ. ಒಳ್ಳೆಯ ಹುಡುಗ. ನಾನು ಮದುವೆಯಾಗಿ ಗಡಹಿಂಗ್ಲಜಕ್ಕೆ ಬರುವ ಹೊತ್ತಿಗೆ ಅವಳ ಮಷೀನು ಗೋಡೆಗೆ ಮುಖ ಮಾಡಿತ್ತು.

ಈಗ ನನ್ನ ನಾದಿನಿ ಕೊಲ್ಲಾಪುರದಲ್ಲಿ ಕಾಲೇಜು ಓದುತ್ತಾಳೆ. ರಜೆಗೆ ಬಂದಾಗ ವಿಡಿಯೋ ಬಾಡಿಗೆಗೆ ತಂದು ಮನೆಮಂದಿಯೆಲ್ಲ ಅಂಥದೇ ಜಗಳದ ಸಿನಿಮಾ ನೋಡಿದೆವು. ನೋಡುತ್ತ ಅವಳೆಂದಳು, “ವೈನಿ, ನಮ್ಮ ಕ್ಲಾಸಿನ್ಯಾಗೂ ಒಬ್ಬಾಂವ ಅದಾನ. ದಿನಾ ನಂದೂ ಅವಂದೂ ವಾದ.”

“ವಾದ ಮುಗದ ಮ್ಯಾಲೆ?”

“ಮುಗದ ಮ್ಯಾಲೆ ಏನ? ಕ್ಯಾಂಟೀನಿನ್ಯಾಗ ಚಾ ಕುಡೀತೀವಿ. ಮಂದಿ ಕೇಳಿದ್ರ ದೋಸ್ತ ಅದಾನ ಅಂತೇನಿ.”

ಎಷ್ಟು ಸಲೀಸಾಗಿ ಹೇಳಿದಳು. ಆ ಹುಡುಗನ ಮೇಲೆ ಅವಳಿಗೆ ಮನಸ್ಸಿದೆಯೋ ಇಲ್ಲವೋ ಎಂದು ಕೇಳಲು ನನ್ನ ನಾಲಿಗೆ ತುರಿಸಿತು. ಕೇಳಲಿಲ್ಲ. ಈ ಎಂಟು ವರ್ಷಗಳಲ್ಲಿ ನಾನು ಕಲಿತದ್ದು ಅಷ್ಟೇ.

ಮಾವಶಿ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಬ್ಲೌಸು ಒಯ್ಯಲು ಬಂದವರು ನೋಡಿದ್ದಂತೆ. ಯಾವಾಗ ಹೋದಳೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅವ್ವನ ಕಾಗದ ತಡವಾಗಿ ಬಂತು, ನಾನು ಮಣ್ಣಿಗೂ ಹೋಗಲಿಲ್ಲ. ಕೊರೋಚಿಗೆ ಯಾರಾದರೂ ಸುದ್ದಿ ಮುಟ್ಟಿಸಿದರೋ ಎಂದು ಬರೆದು ಕೇಳಿದೆ. ‘ಅವನಿಗೆ ಯಾಕೆ ಹೇಳಬೇಕು, ಅವನು ಅವಳಿಗೇನಾಗಬೇಕು?’ ಎಂದು ಅವ್ವ ಬರೆಸಿದಳು.

ನಿಮ್ಮ ಓಣಿಯಲ್ಲೂ ಹೀಗೆ ದಿನಾ ಜಗಳವಾಡುತ್ತಿದ್ದ ಇಬ್ಬರು ಇದ್ದಿದ್ದರೆ ನನಗೆ ಬರೆಯಿರಿ. ಕೊನೆಗೆ ಅವರ ಮದುವೆಯಾಯಿತೇ ಎಂಬುದು ಬೇಡ. ಯಾವುದಕ್ಕೆ ಜಗಳವಾಡುತ್ತಿದ್ದರು, ಮುಂಜಾನೆ ಯಾರು ಮೊದಲು ಬಾಯಿ ತೆರೆಯುತ್ತಿದ್ದರು, ಅಷ್ಟು ಬರೆದರೆ ಸಾಕು.