ಅತ್ತೆಯ ಬುರುಗಿನ ಸರಬತ್ತು

ಹೋದ ಅಮಾವಾಸ್ಯೆಯಿಂದ ಪೀಚ್ ವೈನಿನ ಬಿರಡೆ ತೆಗೆಯುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡುವ ಚಟ ಹತ್ತಿದೆ. ಅಗ್ಗದ ವೈನು ಅದು. ಹಣ್ಣಿನ ವಾಸನೆ, ಸೋಡಾದಂಥ ಬುರುಗು. ವಿಸ್ಕಿಯ ಗೆಳೆಯರು ಅದನ್ನು ಕೆಮ್ಮಿನ ಔಷಧ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ರಾಯಚೂರಿನ ಬಿಸಿಲಲ್ಲಿ ನಾಲ್ಕು ದಿನ ಬೆಂದವರು ತಣ್ಣಗಿನ ಬುರುಗಿಗೆ ತಾವಾಗಿ ಭಕ್ತರಾಗುತ್ತಾರೆ. ದೊಡ್ಡ ವೈನುಗಳನ್ನು ಗಾಜಿನ ಬಟ್ಟಲಲ್ಲಿ ತಿರುಗಿಸಿ, ಮೂಸಿ, ಕಣ್ಣು ಮುಚ್ಚಿ ಕುಡಿಯಬೇಕಂತೆ. ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥ ಮೂವರು ಭಕ್ತರಿಗೆ ಸ್ಟೀಲ್ ಲೋಟವೇ ಸಾಕು.

ನಾಲ್ಕನೆಯ ಭಕ್ತೆ ದೇವದುರ್ಗದ ನನ್ನ ಸೋದರತ್ತೆ. ಲಿಂಗಪೂಜೆಯಾಗದೆ ನೀರೂ ಮುಟ್ಟದವಳು. ಒಮ್ಮೆ ನಮ್ಮ ಮನೆಗೆ ಬಂದವಳು ಫ್ರಿಜ್ಜಿನಲ್ಲಿದ್ದುದನ್ನು ತಾನೇ ಬಗ್ಗಿಸಿಕೊಂಡು ಕುಡಿದು, "ಇದ್ಯಾವ ಸರಬತ್ತೋ ತಮ್ಮಾ, ಭಾಳ ಚೊಲೊ ಅದ" ಎಂದಳು. ನಿಜ ಹೇಳುವ ಧೈರ್ಯ ಬರಲಿಲ್ಲ. "ಪೀಚ್ ಹಣ್ಣಿಂದು, ಅತ್ತಿ" ಎಂದೆ. ಅಲ್ಲಿಗೆ ಸಿಕ್ಕಿಬಿದ್ದೆ. ವಿದ್ಯಾರ್ಥಿಗಳ ಕಣ್ಣಿಗೆ ಬೀಳುವ ಭಯಕ್ಕೆ ಮಾನ್ವಿಗೆ ಹೋಗಿ ಬಾಟಲಿ ಕೊಂಡು, ಮೇಲಿನ ಚೀಟಿ ಕೆರೆದು ತೆಗೆದು, ದೇವದುರ್ಗಕ್ಕೆ ಒಯ್ಯುತ್ತಿದ್ದೆ. ಹೀಗೆ ಆರು ವರ್ಷ ಒಬ್ಬ ಶರಣೆಯ ವ್ರತ ಕೆಡಿಸಿದೆ. ಈ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಸುಳ್ಳು ನನ್ನ ಹೊಟ್ಟೆಯಲ್ಲೇ ಉಳಿದು ನಿದ್ದೆ ಕೆಡಿಸತೊಡಗಿತು.

ದಸರೆಗೆ ಮುಂಚಿನ ಮಾನೌಮಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಬಾಗಿಲು ಮುಂದಕ್ಕೆಳೆದು, ಅವರು ಉಣ್ಣುವ ತನಕ ಹೊರಗೆ ಕೂಡಬೇಕು. ಅತ್ತೆಯ ಗಂಡನ ಮುಂದೆ ಎಲ್ಲ ಒಪ್ಪಿಕೊಳ್ಳಬೇಕೆಂದು ಆ ದಿನ ಬರಿಗೈಯಲ್ಲಿ ಹೋದೆ. ಎಡೆಯ ಕೋಣೆಗೆ ಇಣುಕಿದೆ. ಹೋಳಿಗೆ, ಕಡುಬಿನ ನಡುವೆ ಅದೇ ಬಾಟಲಿ, ಚೀಟಿ ಸಮೇತ. ಪಕ್ಕದಲ್ಲಿ ತುಂಬಿದ ಲೋಟ.

ಮಾವ ಬಾಗಿಲು ಮುಚ್ಚಿ ಪಡಸಾಲೆಯಲ್ಲಿ ಕುಳಿತರು. ನಡುಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಒಳಗಿನಿಂದ ಸಣ್ಣಗೆ ಸುಂಯ್ ಎನ್ನುವ ಸದ್ದು ಬರುತ್ತಿತ್ತು. ಬುರುಗು ಆರುವ ಸದ್ದು ಎಂದುಕೊಂಡೆ. ಆದರೆ ಬುರುಗು ಅಷ್ಟು ಹೊತ್ತು ಬದುಕುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಪಂಡಿತ. ಆಮೇಲೆ ಒಳಗೆ ಯಾರೋ ಸೀನಿದರು. ಬುರುಗು ಮೂಗಿಗೆ ಏರಿದಾಗ ಬರುತ್ತದಲ್ಲ, ಆ ಸೀನು.

ಮಾವ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು.

"ಆ ಬಾಟ್ಲಿ ಇಡಾಕ ಯಾರು ಹೇಳಿದ್ರಿ, ಮಾವ?"

"ನಿಮ್ಮತ್ತಿ. ಮೊನ್ನಿ ಕನಸಿನ್ಯಾಗ ಬಂದು, ಅಮಾಸಿಗೆ ನನ್ನ ಸರಬತ್ತು ಮರೀಬ್ಯಾಡ್ರಿ ಅಂದ್ಲು."

ಈಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. "ಮಾವ, ಅತ್ತಿಗಿ ನಾ ಒಂದು ಸುಳ್ಳು..."

"ಕಿರಾಣಿ ಅಂಗಡ್ಯಾಗ ಕೇಳ್ತೀನಿ ಅಂದೆ," ಮಾವ ತಮ್ಮ ಪಾಡಿಗೆ ಮುಂದುವರಿಸಿದರು. "ಅಲ್ಲಿ ಸಿಗಂಗಿಲ್ಲ, ಬ್ರಾಂದಿ ಅಂಗಡಿಗೆ ಹೋಗ್ರಿ ಅಂದ್ಲು. ಅಳಿಯನ ಮುಂದ ಮಾತ್ರ ಹೇಳಬ್ಯಾಡ್ರಿ, ನನಗ ಗೊತ್ತಿಲ್ಲಂತ ತಿಳಕೊಂಡಾನ, ಪಾಪ, ಅಂದ್ಲು."

ನಗುವೂ ಅಳುವೂ ಒಟ್ಟಿಗೇ ಬಂದವು. ಆರು ವರ್ಷ ನನ್ನ ಮರ್ಯಾದೆ ಕಾಯಲು ಅತ್ತೆ ಏನೂ ಅರಿಯದವಳಂತೆ ಗಟಗಟ ಕುಡಿದು ಲೋಟ ತೊಳೆದಿಟ್ಟಿದ್ದಳು. ಮಾವ ಎದ್ದು, ಒಳಗಿನವರಿಗೆ ತಿಳಿಯಲೆಂದು ಕೆಮ್ಮಿ, ಬಾಗಿಲಿಗೆ ಕೈ ಹಾಕಿದರು. ನಾನು ಅವರ ಕೈ ಹಿಡಿದೆ.

"ಇನ್ನೊಂದು ಗಳಿಗಿ ಬಿಡ್ರಿ ಮಾವ. ಸಾವಕಾಶ ಕುಡೀಲಿ."